ಬ್ಯಾಟರಿ ಚಾರ್ಜಿಗಿಟ್ಟಾಗ ದೇವರ ದೀಪ ದೂರವಿರಲಿ

ಹಬ್ಬಕ್ಕೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಕಾರಿನ ಬ್ಯಾಟರಿ ಇಳಿದಿರುತ್ತದೆ. ಯಜಮಾನರು ಅದನ್ನು ಬಿಚ್ಚಿ ತಂದು ಅಡುಗೆಮನೆಯ ಪ್ಲಗ್ಗಿನ ಹತ್ತಿರ ಚಾರ್ಜರಿಗೆ ಹಾಕಿ, "ಸ್ವಲ್ಪ ನೋಡ್ಕೋ" ಅಂತ ಆಫೀಸಿಗೆ ಹೊರಡುತ್ತಾರೆ. ಆಮೇಲೆ ಅದರ ಜೊತೆ ಇರುವವರು ನೀವೇ ತಾನೆ?

ಚಾರ್ಜ್ ಆಗುತ್ತಾ ಬಂದಂತೆ ಬ್ಯಾಟರಿಯೊಳಗಿನ ನೀರು ಒಡೆದು ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನ ಗ್ಯಾಸಾದರೆ ಮೂಗಿಗೆ ಗೊತ್ತಾಗುತ್ತೆ, ಇದಕ್ಕೆ ವಾಸನೆಯೇ ಇಲ್ಲ. ಒಲೆ, ದೀಪ, ಊದುಬತ್ತಿ ಇರುವ ಕಡೆ ಬೇಡವೇ ಬೇಡ. ಎರಚಲು ಬೀಳದ, ಗಾಳಿಯಾಡುವ ವರಾಂಡ ಸರಿ.

ಕಿಡಿ ಹಾರುವುದು ಹೆಚ್ಚಾಗಿ ಕ್ಲಿಪ್ಪು ಹಾಕಿ ತೆಗೆಯುವಾಗ. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ, ಆಮೇಲಷ್ಟೇ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು ಆರಿಸಿ, ನಂತರ ಕ್ಲಿಪ್ಪು. ಕೈಯ ಚಿನ್ನದ ಬಳೆಯನ್ನು ಮೊದಲೇ ತೆಗೆದಿಡಿ. ಅದು ಎರಡೂ ತುದಿಗೆ ತಾಗಿದರೆ ಕ್ಷಣದಲ್ಲಿ ಕಾದು ಚರ್ಮ ಸುಡುತ್ತದೆ.

35 ಆಂಪಿಯರ್-ಅವರ್ ಬ್ಯಾಟರಿಗೆ ಮೂರೂವರೆ ಆಂಪಿಯರ್ ಸಾಕು, ಪೂರ್ತಿ ಇಳಿದಿದ್ದರೆ ಹತ್ತು ಹನ್ನೆರಡು ಗಂಟೆ ಬೇಕು. ಬೇಗ ಆಗಲಿ ಅಂತ ಹೆಚ್ಚಿಸಿದರೆ ಗ್ಯಾಸೂ ಹೆಚ್ಚು. ಬ್ಯಾಟರಿ ಬಿಸಿಯೇರಿದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೋಡೆಯ ಸ್ವಿಚ್ಚು ಆರಿಸಿ, ಕ್ಲಿಪ್ಪು ಮುಟ್ಟದೆ ಕಿಟಕಿ ಬಾಗಿಲು ತೆರೆದು, ಮಕ್ಕಳನ್ನು ಕರೆದುಕೊಂಡು ಆಚೆ ಬನ್ನಿ. ಎಲೆಕ್ಟ್ರಿಕ್ ಸ್ಕೂಟರಿಗೆ ಮಾತ್ರ ಈ ಚಾರ್ಜರ್ ಬೇಡ, ಅದರದ್ದೇ ಬೇಕು.

ಆಮ್ಲ ಕಣ್ಣಿಗೆ ಸಿಡಿದರೆ ಔಷಧಿ ಹುಡುಕುತ್ತಾ ನಿಲ್ಲಬೇಡಿ. ನಲ್ಲಿಯ ಕೆಳಗೆ 20 ನಿಮಿಷ ತೊಳೆದು ಡಾಕ್ಟರ ಹತ್ತಿರ ಓಡಿ. ನೆಲಕ್ಕೆ ಬಿದ್ದದ್ದಕ್ಕೆ ಅಡುಗೆ ಸೋಡಾ ಉದುರಿಸಿ. ಸೀರೆಗೆ ಹಾರಿದ ಹನಿ ಆ ಹೊತ್ತಿಗೆ ಕಾಣುವುದೇ ಇಲ್ಲ. ಒಗೆದು ಹರವಿದಾಗ ತೂತು ಕಾಣುತ್ತೆ!