ಊರಿಗೊಬ್ಬ ಸ್ಮಿತ್

ಇಂಗ್ಲಿಷರ ಅಡ್ಡಹೆಸರುಗಳಲ್ಲೆಲ್ಲ ಅತಿ ಹೆಚ್ಚು ಬಳಕೆಯಲ್ಲಿರುವುದು ಸ್ಮಿತ್. ಅದೇಕೆ ಹಾಗೆ ಎಂದು ಕೇಳಿದರೆ, ಆ ನಾಡಿನಲ್ಲಿ ಹಿಂದೆ ಕಮ್ಮಾರರು ಬಹುಸಂಖ್ಯೆಯಲ್ಲಿ ಇದ್ದಿರಬೇಕು ಎಂಬ ಉತ್ತರ ಬರುವುದುಂಟು. ನನಗೆ ಈ ಉತ್ತರ ತಲೆಕೆಳಗಾಗಿ ಕಾಣುತ್ತದೆ.

ಸ್ಮಿತ್ ಎಂಬುದು ಹಳೆಯ ಇಂಗ್ಲಿಷಿನ ಮಾತು. ಲೋಹದ ಕೆಲಸ ಮಾಡುವವನೆಂದು ಅದರ ಅರ್ಥ. ಕಬ್ಬಿಣದವನು ಬ್ಲ್ಯಾಕ್‌ಸ್ಮಿತ್, ಚಿನ್ನದವನು ಗೋಲ್ಡ್‌ಸ್ಮಿತ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ, ತಂದೆಯಿಂದ ಮಗನಿಗೆ ಬರುವ ಅಡ್ಡಹೆಸರುಗಳು ಅಲ್ಲಿ ನೆಲೆಗೊಂಡವು. ಜಾನ್, ವಿಲಿಯಂ ಮುಂತಾದ ಕೆಲವೇ ಹೆಸರುಗಳು ಊರಿಗೆಲ್ಲ. ಕಂದಾಯದ ಲೆಕ್ಕ ಬರೆಯುವ ಗುಮಾಸ್ತನಿಗೆ ಯಾವ ಜಾನ್ ಎಂದು ತಿಳಿಯಬೇಡವೆ? ಊರಿನವರೆಲ್ಲ ಬೇಸಾಯಗಾರರಾಗಿರುವಲ್ಲಿ ‘ಬೇಸಾಯದ ಜಾನ್’ ಎಂದರೆ ಯಾರನ್ನು ಗುರುತಿಸಿದಂತಾಯಿತು? ಕುಲುಮೆಯ ಜಾನ್ ಎಂದರೆ ಮಾತ್ರ ಅವನೊಬ್ಬನೇ. ನೇಗಿಲ ಗುಳಕ್ಕೆ, ಕುದುರೆಯ ಲಾಳಕ್ಕೆ ಅವನು ಪ್ರತಿ ಊರಿಗೂ ಬೇಕು. ಆದರೆ ಊರಿಗೆ ಒಬ್ಬನಿದ್ದರೆ ಸಾಕು. ಅವನು ಅಪರೂಪದವನಾದುದರಿಂದಲೇ ಹೆಸರು ಅಂಟಿಕೊಂಡಿತು. ಊರೂರಿನ ಒಬ್ಬೊಬ್ಬರು ಕೂಡಿ ಲಕ್ಷಗಳಾದರು.

ಜರ್ಮನರ ಶ್ಮಿಟ್, ಹಂಗೇರಿಯ ಕೊವಾಚ್, ರಷ್ಯದ ಕುಜ್ನೆತ್ಸೋವ್, ಅರಬರ ಹದ್ದಾದ್ ಎಲ್ಲವೂ ಇದೇ ಕುಲುಮೆಯ ಹೆಸರುಗಳು. ಓಟದ ಕಾರಿನಿಂದ ಲೋಕಪ್ರಸಿದ್ಧವಾದ ಇಟಲಿಯ ಫೆರಾರಿಯೂ ಕಮ್ಮಾರನೇ! ನಮ್ಮ ಉತ್ತರ ಕರ್ನಾಟಕದಲ್ಲಿ ಕಮ್ಮಾರ, ಬಡಿಗೇರ, ಪತ್ತಾರ ಎಂಬ ಅಡ್ಡಹೆಸರುಗಳಿವೆ. ಆದರೆ ಒಂದು ಅಂತರವನ್ನು ಮರೆಯಬಾರದು. ನಮ್ಮಲ್ಲಿ ಕಸುಬಿನ ಹೆಸರಿನೊಡನೆ ಜಾತಿಯೂ ಬಂದಿತು. ಮೊಮ್ಮಗ ಸುತ್ತಿಗೆಯನ್ನು ಮುಟ್ಟದಿದ್ದರೂ ಕೇಳುವವರ ಕಿವಿಗೆ ಅದು ಬರಿಯ ಹೆಸರಾಗದು. ಅಲ್ಲಿ ಸ್ಮಿತ್ ಬರಿಯ ಹೆಸರಾಯಿತು. ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್‌ನ ತಂದೆ ಸುಂಕದ ಇಲಾಖೆಯ ಅಧಿಕಾರಿ. ಆ ಹೆಸರು ಕೇಳಿ ಕುಲುಮೆಯನ್ನು ನೆನೆಯುವವರು ಯಾರು?

ಹೀಗೆ ಅರ್ಥ ಬರಿದಾದ ಹೆಸರನ್ನು ಯಾರು ಬೇಕಾದರೂ ತೊಡಬಹುದಾಯಿತು. 2010ರ ಜನಗಣತಿಯಂತೆ ಅಮೆರಿಕದಲ್ಲಿ ಸ್ಮಿತ್ ಎಂಬ ಹೆಸರಿನವರು 24 ಲಕ್ಷಕ್ಕೂ ಮಿಕ್ಕಿದ್ದರು. ಅವರೆಲ್ಲರ ಪೂರ್ವಿಕರು ಇಂಗ್ಲಿಷ್ ಕಮ್ಮಾರರಲ್ಲ. 1865ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆ ಹೊಂದಿದವರಲ್ಲಿ ಅನೇಕರು ಈ ಹೆಸರಿನವರು. ಹಳೆಯ ಒಡೆಯನ ಹೆಸರನ್ನು ಉಳಿಸಿಕೊಂಡವರೂ ಇದ್ದರು, ತಾವೇ ಹೆಸರನ್ನು ಆರಿಸಿಕೊಂಡವರೂ ಇದ್ದರು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಜರ್ಮನ್ ಹೆಸರೆಂದರೆ ಜನ ಸಂಶಯದಿಂದ ನೋಡತೊಡಗಿದರು. ಎಷ್ಟೋ ಮಂದಿ ಶ್ಮಿಟ್‌ಗಳು ಸ್ಮಿತ್‌ಗಳಾದರು. ಗುಂಪಿನಲ್ಲಿ ಕರಗಿಹೋಗಬೇಕಾದವನಿಗೆ ಇದಕ್ಕಿಂತ ಒಳ್ಳೆಯ ಆಸರೆ ಯಾವುದು? ಹೋಟೆಲಿನ ದಾಖಲೆಯಲ್ಲಿ ಸುಳ್ಳು ಹೆಸರು ಬರೆಯುವ ಜೋಡಿ ‘ಶ್ರೀ ಮತ್ತು ಶ್ರೀಮತಿ ಸ್ಮಿತ್’ ಆಗುವುದಂತೂ ಇಂಗ್ಲಿಷರ ಹಳೆಯ ವಿನೋದ. 1949ರ ತನ್ನ ಕಾದಂಬರಿಯಲ್ಲಿ ಜಾರ್ಜ್ ಆರ್ವೆಲ್, ಸರ್ವಾಧಿಕಾರದ ಕಣ್ಣಿಗೆ ಸಿಕ್ಕಿಬಿದ್ದ ಸಾಮಾನ್ಯನನ್ನು ವಿನ್‌ಸ್ಟನ್ ಸ್ಮಿತ್ ಎಂದು ಕರೆದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಎದ್ದು ಕಾಣಬೇಕೆಂಬವರ ಪಾಡೇ ಬೇರೆ. ಕೆಲವರು ಒಂದಕ್ಷರ ತಿದ್ದಿ ಸ್ಮೈತ್ ಎಂದಾದರು. 1892ರಲ್ಲಿ ಟೊರಾಂಟೋದಲ್ಲಿ ಹುಟ್ಟಿದ ಗ್ಲ್ಯಾಡಿಸ್ ಸ್ಮಿತ್ ಎಂಬ ಹುಡುಗಿ ರಂಗಭೂಮಿಗೆ ಬಂದು ಹೆಸರನ್ನೇ ಬದಲಿಸಿಕೊಂಡಳು. ಮೂಕಚಿತ್ರಗಳ ಕಾಲದ ಪ್ರೇಕ್ಷಕರು ಆಕೆಯನ್ನು ಅರಿತದ್ದು ಮೇರಿ ಪಿಕ್‌ಫೋರ್ಡ್ ಎಂದು.