ಹೆಗಲು ಮತ್ತೆ ಹೆಗಲಾಗುವವರೆಗೆ

ನಮ್ಮ ಮಾತಿನಲ್ಲಿ ಹೆಗಲಿಗೆ ದೊರೆತಿರುವ ಗೌರವ ದೇಹದ ಇತರ ಅವಯವಗಳಿಗೆ ದೊರೆತಿರುವುದು ವಿರಳ. ಕಷ್ಟಕಾಲದಲ್ಲಿ ನೆರವಾದವನನ್ನು ‘ಹೆಗಲು ಕೊಟ್ಟವನು’ ಎನ್ನುತ್ತೇವೆ. ತಂದೆ ತೀರಿಕೊಂಡ ಮನೆಯಲ್ಲಿ ಸಂಸಾರದ ಭಾರ ಹಿರಿಯ ಮಗನ ಹೆಗಲೇರಿತು ಎನ್ನುತ್ತೇವೆ. ಜಾತ್ರೆಯ ಪಲ್ಲಕ್ಕಿ ಸಾಗುವುದು ಹೆಗಲಿನ ಮೇಲೆ. ಮನುಷ್ಯನ ಕೊನೆಯ ಪಯಣವೂ ನಾಲ್ವರ ಹೆಗಲಿನ ಮೇಲೆಯೇ. ಇನ್ನು ನಮ್ಮ ಗಡಿಸೀಮೆಯ ಮೆಚ್ಚಿನ ಆಟವಾದ ಕುಸ್ತಿಯಲ್ಲಂತೂ ಸೋಲುಗೆಲವುಗಳ ನಿರ್ಣಯವಾಗುವುದೇ ಹೆಗಲಿನಿಂದ. ಎರಡೂ ಹೆಗಲು ಮಣ್ಣಿಗೆ ತಾಗಿದವನು ಸೋತವನು. 1969ರಲ್ಲಿ ‘ಮಹಾರಾಷ್ಟ್ರ ಕೇಸರಿ’ಯಾದ ಮಲ್ಲ ಹರಿಶ್ಚಂದ್ರ ಬಿರಾಜದಾರ ಅವರು ನಿಲಂಗಾ ತಾಲ್ಲೂಕಿನ ರಾಮಲಿಂಗ ಮುದಗಡದವರು. ಅಂಥ ಮಣ್ಣಿನಲ್ಲಿ ಬೆಳೆಯುವ ಹುಡುಗರಿಗೆ ಹೆಗಲಿನ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಹೆಗಲೇ ಮುರಿದುಬಿದ್ದಾಗ ಏನು ಮಾಡಬೇಕೆಂಬುದನ್ನು ಮಾತ್ರ ಹೇಳಲೇಬೇಕಾಗಿದೆ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಳ್ಳಿಗಳಲ್ಲಿ ಕಬಡ್ಡಿ, ಕುಸ್ತಿ, ವಾಲಿಬಾಲ್, ಕ್ರಿಕೆಟ್ ಆಡುವ ತರುಣನ ತೋಳು ಗೂಡಿನಿಂದ ಜಾರಿತೆಂದರೆ ಮನೆಯಲ್ಲಿ ಎರಡು ಬಗೆಯ ಮಾತು ಕೇಳಿಬರುವುದುಂಟು. ‘ಇನ್ನು ಆಟದ ಹುಚ್ಚು ಸಾಕು, ಕೈ ಉಳಿದರೆ ಸಾಕು’ ಎಂಬುದು ಹಿರಿಯರ ಮಾತು. ‘ನೋವು ನಿಂತಿತು, ನಾಳೆಯೇ ಅಖಾಡಕ್ಕೆ ಇಳಿಯುತ್ತೇನೆ’ ಎಂಬುದು ಹುಡುಗನ ಮಾತು. ಮೊದಲನೆಯದರಲ್ಲಿ ಅನಾವಶ್ಯಕವಾದ ನಿರಾಶೆಯಿದೆ. ಎರಡನೆಯದರಲ್ಲಿ ಅಪಾಯಕರವಾದ ಆತುರವಿದೆ. ಇವೆರಡರ ನಡುವೆ ಒಂದು ದಾರಿಯುಂಟು. ಆ ದಾರಿಯಲ್ಲಿ ನಡೆದು ತಮ್ಮ ಆಟಕ್ಕೆ ಮರಳಿದ ಕನ್ನಡಿಗರೂ ಉಂಟು.

ಬೆಂಗಳೂರಿನ ಬೌಲರ್

ಅನಿಲ್ ಕುಂಬ್ಳೆ ಅವರ ಹೆಸರನ್ನು ಕೇಳದ ಕನ್ನಡ ಮನೆ ಇರಲಾರದು. 1990ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದ ಅವರು ಮುಂದಿನ ಹತ್ತು ವರ್ಷಗಳ ಕಾಲ ಭಾರತದ ಬೌಲಿಂಗಿನ ಭಾರವನ್ನು ಬಹುಮಟ್ಟಿಗೆ ಒಬ್ಬರೇ ಹೊತ್ತರೆಂದರೆ ತಪ್ಪಾಗದು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಕೆಡವಿದ ಸಾಹಸ ಇಂದಿಗೂ ಜನರ ನಾಲಗೆಯ ಮೇಲಿದೆ. ಆ ಸಾಹಸದ ಹಿಂದೆ ಒಂದು ಹೆಗಲು ದುಡಿಯುತ್ತಿತ್ತು. ಎತ್ತರದ ಆಳು, ವೇಗದ ಲೆಗ್‌ಸ್ಪಿನ್, ದಿನವೊಂದಕ್ಕೆ ಮೂವತ್ತು ನಲವತ್ತು ಓವರುಗಳ ದುಡಿತ. ಪ್ರತಿಯೊಂದು ಎಸೆತಕ್ಕೂ ತೋಳು ತಲೆಯ ಮೇಲಿನಿಂದ ಪೂರ್ತಿ ಒಂದು ಸುತ್ತು ಸುತ್ತಲೇಬೇಕು. ಸಾವಿರಾರು ಓವರುಗಳ ಆ ಸವೆತವನ್ನು ಹೆಗಲಿನ ಸ್ನಾಯುಗಳು ತಾಳಿಕೊಳ್ಳದಾದವು.

2001ರ ಆರಂಭದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅವರ ಬಲಹೆಗಲಿಗೆ ಶಸ್ತ್ರಕ್ರಿಯೆಯಾಯಿತು. ಆಗ ಅವರ ವಯಸ್ಸು 30. ಅದೇ ಫೆಬ್ರುವರಿ-ಮಾರ್ಚ್ ತಿಂಗಳುಗಳಲ್ಲಿ ಆಸ್ಟ್ರೇಲಿಯ ತಂಡ ಭಾರತಕ್ಕೆ ಬಂದಿತು. ಕೊಲ್ಕತ್ತದಲ್ಲಿ ಲಕ್ಷ್ಮಣ್ 281, ದ್ರಾವಿಡ್ 180 ಹೊಡೆದು ಸೋಲಿನ ಬಾಯಿಂದ ಗೆಲವನ್ನು ಕಸಿದ ಸರಣಿಯೇ ಅದು. ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದ ತರುಣ ಹರಭಜನ್ ಸಿಂಗ್ ದೇಶದ ಹೊಸ ಸ್ಪಿನ್ ವೀರನಾದರು. ಹತ್ತು ವರ್ಷ ತಾನು ಹೊತ್ತ ಭಾರವನ್ನು ಬೇರೊಬ್ಬರು ಸಮರ್ಥವಾಗಿ ಹೊರುತ್ತಿರುವಾಗ ಕಟ್ಟುಹಾಕಿದ ಹೆಗಲಿನೊಡನೆ ದೂರ ಕುಳಿತಿರಬೇಕಾದ ಆಟಗಾರನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು. ಮೂವತ್ತು ದಾಟಿದ ಬೌಲರ್, ಶಸ್ತ್ರಕ್ರಿಯೆಯಾದ ಹೆಗಲು, ತಂಡದಲ್ಲಿ ತನ್ನ ಸ್ಥಾನಕ್ಕೆ ಬಂದು ನಿಂತ ಹೊಸಬ. ಲೆಕ್ಕಾಚಾರವೆಲ್ಲ ಅವರಿಗೆ ಪ್ರತಿಕೂಲವಾಗಿಯೇ ಇತ್ತು.

ಅವರು ಅವಸರಪಡಲಿಲ್ಲ. ಆ ವರ್ಷದ ಕೊನೆಯ ಭಾಗದಲ್ಲಿ, ಶಸ್ತ್ರಕ್ರಿಯೆಯಾದ ದಕ್ಷಿಣ ಆಫ್ರಿಕಾದ ನೆಲದ ಮೇಲೆಯೇ, ಮತ್ತೆ ಟೆಸ್ಟ್ ಆಡಿದರು. ಡಿಸೆಂಬರಿನಲ್ಲಿ ತಮ್ಮ ಊರಾದ ಬೆಂಗಳೂರಿನಲ್ಲಿ ಇಂಗ್ಲೆಂಡಿನ ವಿರುದ್ಧ 300ನೆಯ ಟೆಸ್ಟ್ ವಿಕೆಟ್ ಪಡೆದು ಆ ಎತ್ತರಕ್ಕೇರಿದ ಮೊದಲ ಭಾರತೀಯ ಸ್ಪಿನ್ನರ್ ಎನಿಸಿದರು. ಆದರೂ ದಾರಿ ಸುಗಮವಾಗಿರಲಿಲ್ಲ. 2003-04ರ ಆಸ್ಟ್ರೇಲಿಯ ಪ್ರವಾಸದ ಮೊದಲ ಟೆಸ್ಟಿನಲ್ಲಿ ಅವರಿಗೆ ಸ್ಥಾನವೇ ದೊರೆಯಲಿಲ್ಲ. ಹರಭಜನ್ ಗಾಯಗೊಂಡ ಮೇಲೆ ತಂಡ ಸೇರಿದ ಕುಂಬ್ಳೆ ಉಳಿದ ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್ ಕಿತ್ತರು, ಸಿಡ್ನಿಯೊಂದರಲ್ಲಿಯೇ 12. 2004ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಕಪಿಲ್ ದೇವ್ ಅವರ 434 ವಿಕೆಟ್‌ಗಳ ದಾಖಲೆಯನ್ನು ದಾಟಿದರು. 2008ರ ಜನವರಿಯಲ್ಲಿ ಪರ್ತ್‌ನಲ್ಲಿ 600ನೆಯ ವಿಕೆಟ್. ಆಗ ಅವರೇ ಭಾರತದ ನಾಯಕರು. ಅದೇ ವರ್ಷದ ನವೆಂಬರಿನಲ್ಲಿ ನಿವೃತ್ತರಾದಾಗ ಅವರ ಲೆಕ್ಕದಲ್ಲಿದ್ದದ್ದು 132 ಟೆಸ್ಟ್, 619 ವಿಕೆಟ್. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಕೆಟ್‌ಗಳು ಶಸ್ತ್ರಕ್ರಿಯೆಯಾದ ಆ ಹೆಗಲಿನಿಂದಲೇ ಬಂದವೆಂಬುದು ಗಮನಿಸಬೇಕಾದ ಸಂಗತಿ.

ಇವರಿಗಿಂತ ಮೊದಲೇ ಮೈಸೂರಿನ ಜಾವಗಲ್ ಶ್ರೀನಾಥ್ ಇದೇ ಅಗ್ನಿಪರೀಕ್ಷೆಯನ್ನು ಹಾಯ್ದಿದ್ದರು. 1997ರಲ್ಲಿ ಹೆಗಲಿನ ಸ್ನಾಯು ಹರಿದು ವೆಸ್ಟ್ ಇಂಡೀಸ್ ಪ್ರವಾಸವನ್ನು ಕಳೆದುಕೊಂಡ ಈ ವೇಗದ ಬೌಲರ್, ಶಸ್ತ್ರಕ್ರಿಯೆಯ ನಂತರ ಮರಳಿ ಬಂದು, 1999ರ ಫೆಬ್ರುವರಿಯಲ್ಲಿ ಕೊಲ್ಕತ್ತದ ಟೆಸ್ಟಿನಲ್ಲಿ ಪಾಕಿಸ್ತಾನದ 13 ವಿಕೆಟ್‌ಗಳನ್ನು ಉರುಳಿಸಿದರು. 2003ರವರೆಗೆ ಅವರ ಓಟ ನಿಲ್ಲಲಿಲ್ಲ.

ಹೆಗಲಿನ ರಚನೆ

ಇಷ್ಟೊಂದು ಬಲವಾದ ಹೆಗಲು ಇಷ್ಟು ಸುಲಭವಾಗಿ ಕೆಡುವುದೇಕೆ? ಉತ್ತರ ಅದರ ರಚನೆಯಲ್ಲಿದೆ. ತೊಡೆಯ ಕೀಲನ್ನು ನೋಡಿರಿ: ಆಳವಾದ ಬಟ್ಟಲಿನೊಳಗೆ ಗುಂಡು ಕುಳಿತಂತೆ ಅದು ಭದ್ರವಾಗಿರುತ್ತದೆ. ಹೆಗಲಿನ ಕೀಲು ಹಾಗಲ್ಲ. ಸಣ್ಣ ತಟ್ಟೆಯ ಮೇಲೆ ದೊಡ್ಡ ಲಿಂಬೆಹಣ್ಣನ್ನು ಇರಿಸಿದಂತೆ ತೋಳೆಲುಬಿನ ಗುಂಡು ಹೆಗಲೆಲುಬಿನ ತಗ್ಗಿಲ್ಲದ ಗುಳಿಗೆ ಆನಿಕೊಂಡಿರುತ್ತದೆ. ಆದಕಾರಣವೇ ನಾವು ಕೈಯನ್ನು ಮುಂದೆ, ಹಿಂದೆ, ಮೇಲೆ, ಬೆನ್ನಿನ ಹಿಂದೆ, ಎಲ್ಲ ಕಡೆಗೂ ತಿರುಗಿಸಬಲ್ಲೆವು. ಈ ಸ್ವಾತಂತ್ರ್ಯಕ್ಕೆ ತೆರುವ ಬೆಲೆ ಭದ್ರತೆಯ ಕೊರತೆ.

ಆ ಕೊರತೆಯನ್ನು ತುಂಬುವವು ಎರಡು. ಒಂದು, ಗುಳಿಯ ಅಂಚಿಗೆ ಬಳೆಯಂತೆ ಸುತ್ತಿಕೊಂಡಿರುವ ಮೃದುವಾದ ಅಂಗಾಂಶ. ಎರಡು, ಹೆಗಲೆಲುಬಿನಿಂದ ಹೊರಟು ಗುಂಡನ್ನು ಮುಂದೆ, ಮೇಲೆ, ಹಿಂದೆ ಅಪ್ಪಿ ಹಿಡಿದಿರುವ ನಾಲ್ಕು ಸಣ್ಣ ಸ್ನಾಯುಗಳ ತೊಡಕೆ. ವೈದ್ಯರು ಇದನ್ನು ರೊಟೇಟರ್ ಕಫ್ ಎನ್ನುತ್ತಾರೆ. ಕುಸ್ತಿ, ಕಬಡ್ಡಿಗಳಲ್ಲಿ ತೋಳು ಜಾರಿದಾಗ ಸಾಮಾನ್ಯವಾಗಿ ಹರಿಯುವುದು ಮೊದಲಿನದು. ಎಸೆಯುವವರಲ್ಲಿ, ಭಾರ ಹೊರುವವರಲ್ಲಿ, ನಡುವಯಸ್ಸಿನವರಲ್ಲಿ ಸವೆದು ಹರಿಯುವುದು ಎರಡನೆಯದು.

ತೋಳು ಜಾರುವುದು ನಮ್ಮವರಿಗೆ ಹೊಸತಲ್ಲ. ಸುಶ್ರುತಸಂಹಿತೆಯಲ್ಲಿಯೇ ಎಲುಬು ಮುರಿಯುವುದನ್ನೂ ಕೀಲು ತಪ್ಪುವುದನ್ನೂ ಬೇರ್ಪಡಿಸಿ, ಎರಡನೆಯದನ್ನು ‘ಸಂಧಿಮುಕ್ತ’ವೆಂದು ವಿವರಿಸಲಾಗಿದೆ. ಹಳ್ಳಿಗಳಲ್ಲಿ ಎಲುಬು ಕೂಡಿಸುವವರ ಪರಂಪರೆಯೂ ಹಳೆಯದು. ಆದರೆ ತೋಳನ್ನು ಗೂಡಿಗೆ ಸೇರಿಸುವುದು ಬೇರೆ. ಹರಿದ ಬಳೆಯನ್ನು ಮತ್ತೆ ಎಲುಬಿಗೆ ಅಂಟಿಸುವುದು ಬೇರೆ. ಇಪ್ಪತ್ತರೊಳಗಿನ ಆಟಗಾರನ ತೋಳು ಒಮ್ಮೆ ಜಾರಿತೆಂದರೆ ಮತ್ತೆ ಮತ್ತೆ ಜಾರುವ ಸಂಭವ ಹೆಚ್ಚು. ಪ್ರತಿಸಲ ಜಾರಿದಾಗಲೂ ಎಲುಬಿನ ಅಂಚು ಇನ್ನಷ್ಟು ಸವೆಯುತ್ತದೆ. ಎಕ್ಸ್‌ರೇ ತೆಗೆಸದೆ ಎಳೆದು ಕೂಡಿಸಿದರೆ ಒಳಗಿನ ಮುರಿತವೂ ನರದ ಪೆಟ್ಟೂ ಗಮನಕ್ಕೆ ಬಾರದೆ ಹೋಗಬಹುದು. ಸೊಲ್ಲಾಪುರ, ಲಾತೂರು, ಬೀದರ, ಕಲಬುರಗಿ, ಈ ನಾಲ್ಕೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಸೀಮೆಯವರಿಗೆ ಎಲುಬಿನ ತಜ್ಞರು ಈಗ ದೂರದವರಲ್ಲ.

ಇಂದು ಬಹುಪಾಲು ಹೆಗಲಿನ ಶಸ್ತ್ರಕ್ರಿಯೆಗಳು ಸಣ್ಣ ರಂಧ್ರಗಳ ಮೂಲಕವೇ ನಡೆಯುತ್ತವೆ. ಒಂದು ರಂಧ್ರದಿಂದ ಪೆನ್ಸಿಲಿನಷ್ಟು ದಪ್ಪದ ಕ್ಯಾಮೆರಾ, ಇನ್ನೊಂದರಿಂದ ಉಪಕರಣ. ಹರಿದ ಭಾಗವನ್ನು ದಾರದಿಂದ ಹೊಲಿದು, ಎಲುಬಿನಲ್ಲಿ ನೆಟ್ಟ ಪುಟ್ಟ ಗೂಟಗಳಿಗೆ ಬಿಗಿಯುತ್ತಾರೆ. ಹೊರಗಿನ ಗಾಯ ಹದಿನೈದು ದಿನಗಳಲ್ಲಿ ಮಾಯುತ್ತದೆ. ಜನರು ಮೋಸಹೋಗುವುದು ಇಲ್ಲಿಯೇ. ಚರ್ಮ ಮಾಯ್ದರೆ ಹೆಗಲು ಮಾಯ್ದಂತಲ್ಲ.

ತಿಂಗಳುಗಳ ಲೆಕ್ಕ

ಹೊಲಿದ ಸ್ನಾಯು ಎಲುಬಿಗೆ ಅಂಟಿಕೊಳ್ಳುವುದು ಬಿತ್ತಿದ ಬೀಜ ಬೇರೂರಿದಂತೆ; ನಾವು ಅವಸರಪಟ್ಟರೆ ಅದು ಅವಸರಪಡುವುದಿಲ್ಲ. ಸಾಮಾನ್ಯವಾಗಿ ಮೊದಲ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿರಬೇಕು. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮಾತ್ರ ಆಡಿಸುತ್ತಿರಬೇಕು. ವೈದ್ಯರು ಒಪ್ಪಿದ ಮೇಲೆ ಮುಂದಕ್ಕೆ ಬಾಗಿ ನಿಂತು ಕೈಯನ್ನು ಲೋಲಕದಂತೆ ಸಡಿಲಾಗಿ ತೂಗುವ ವ್ಯಾಯಾಮ ಆರಂಭವಾಗುತ್ತದೆ. ರಾತ್ರಿ ಅಂಗಾತ ಮಲಗುವುದಕ್ಕಿಂತ ಬೆನ್ನಿಗೆ ದಿಂಬುಗಳನ್ನಿಟ್ಟು ಒರಗಿ ಮಲಗಿದರೆ ನೋವು ಕಡಿಮೆ.

ಆರರಿಂದ ಹನ್ನೆರಡು ವಾರಗಳ ನಡುವೆ ಕೈ ತಾನಾಗಿಯೇ ಏಳುವುದನ್ನು ಕಲಿಯುತ್ತದೆ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವುದು, ಕೋಲೊಂದನ್ನು ಎರಡೂ ಕೈಗಳಲ್ಲಿ ಹಿಡಿದು ಒಳ್ಳೆಯ ಕೈಯ ಬಲದಿಂದ ನೊಂದ ಕೈಯನ್ನು ಎತ್ತುವುದು, ಇಂಥವು ಮನೆಯಲ್ಲಿಯೇ ಆಗತಕ್ಕವು. ಸರಿಸುಮಾರು ಮೂರು ತಿಂಗಳ ನಂತರವೇ ಬಲ ತುಂಬುವ ವ್ಯಾಯಾಮ: ರಬ್ಬರ್ ಪಟ್ಟಿಯನ್ನು ಬಾಗಿಲಿನ ಚಿಲಕಕ್ಕೆ ಕಟ್ಟಿ ಮೊಣಕೈಯನ್ನು ಪಕ್ಕೆಗೆ ಒತ್ತಿ ಒಳಕ್ಕೂ ಹೊರಕ್ಕೂ ಎಳೆಯುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು. ಎಸೆತದ ಬಲ ಹುಟ್ಟುವುದು ಕಾಲಿನಲ್ಲಿ. ನಡುವನ್ನು ಹಾಯ್ದು ಅದು ಹೆಗಲಿಗೆ ಬರುತ್ತದೆ. ಆದ್ದರಿಂದ ಕೈ ಜೋಳಿಗೆಯಲ್ಲಿರುವಾಗಲೂ ಕಾಲು, ನಡುಗಳ ವ್ಯಾಯಾಮವನ್ನು ವೈದ್ಯರ ಸಲಹೆಯಂತೆ ಮುಂದುವರಿಸುವುದು ಜಾಣತನ.

ಆಟಕ್ಕೆ ಮರಳುವ ಕಾಲ ಆಟವನ್ನು ಅನುಸರಿಸಿ ಬೇರೆಯಾಗುತ್ತದೆ. 2017ರಲ್ಲಿ ಕರ್ನಾಟಕದ ಬ್ಯಾಟ್ಸ್‌ಮನ್ ಕೆ. ಎಲ್. ರಾಹುಲ್ ಆಸ್ಟ್ರೇಲಿಯದ ವಿರುದ್ಧದ ಸರಣಿಯಲ್ಲಿ ನೊಂದ ಎಡಹೆಗಲಿನೊಡನೆಯೇ ಆರು ಅರ್ಧಶತಕ ಹೊಡೆದು, ತರುವಾಯ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಆಗಸ್ಟ್ ತಿಂಗಳಿನಲ್ಲಿ ಶ್ರೀಲಂಕೆಯಲ್ಲಿ ಮತ್ತೆ ಆಡಿದರು. ಎಸೆಯದ ಕೈಯ ಬ್ಯಾಟ್ಸ್‌ಮನ್ನನಿಗೆ ಕೆಲವೇ ತಿಂಗಳು ಸಾಕಾದೀತು. ಎಸೆಯುವ ಕೈಯ ಬೌಲರ್‌ಗೆ ಒಂಬತ್ತು ತಿಂಗಳೋ ವರ್ಷವೋ ಹಿಡಿದೀತು. ಜಾರುವ ತೋಳಿಗೆ ಶಸ್ತ್ರಕ್ರಿಯೆಯಾದ ಕುಸ್ತಿ, ಕಬಡ್ಡಿ ಪಟುಗಳು ಆರು ತಿಂಗಳಿಗೆ ಮೊದಲು ಮೈಗೆ ಮೈ ಕೊಡುವುದು ಸಾಮಾನ್ಯವಾಗಿ ಹಿತವಲ್ಲ. ಕ್ಯಾಲೆಂಡರಿನೊಡನೆ ಕೈಯನ್ನೂ ಕೇಳಬೇಕು: ಎರಡೂ ತೋಳು ಸಮನಾಗಿ ತಿರುಗುತ್ತವೆಯೆ, ಬಲ ಸಮನಾಗಿದೆಯೆ, ಮತ್ತೆ ಜಾರೀತೆಂಬ ಅಳುಕು ಮನಸ್ಸಿನಿಂದ ಹೋಗಿದೆಯೆ? ಕೊನೆಯ ಪ್ರಶ್ನೆ ಕಡಿಮೆಯದೇನಲ್ಲ. ಅಳುಕಿನಿಂದ ಆಡುವವನು ದೇಹವನ್ನು ವಕ್ರವಾಗಿ ಬಳಸಿ ಬೇರೆ ಕಡೆ ಗಾಯ ಮಾಡಿಕೊಳ್ಳುತ್ತಾನೆ.

ಮನೆಯವರ ಪಾಲು

ಎಲ್ಲಕ್ಕಿಂತ ಕಠಿಣವಾದುದು ಮೂರನೆಯ ತಿಂಗಳು. ಆಗ ನೋವು ಬಹಳಷ್ಟು ಇಳಿದಿರುತ್ತದೆ. ಹುಡುಗ ಗುಣವಾದನೆಂದು ಎಲ್ಲರೂ ತಿಳಿಯುತ್ತಾರೆ. ಒಳಗಿನ ಜೋಡಣೆ ಮಾತ್ರ ಇನ್ನೂ ಎಳಸು. ಹೊಲದಲ್ಲಿ ಚೀಲ ಎತ್ತಲು ಕರೆಯುವುದು, ಬಾವಿಯಿಂದ ನೀರು ಸೇದಿಸುವುದು, ಗೆಳೆಯರು ಒಂದೇ ಒಂದು ಪಟ್ಟು ಎಂದು ಅಖಾಡಕ್ಕೆ ಎಳೆಯುವುದು, ಇವುಗಳಿಂದಲೇ ಎಷ್ಟೋ ಶಸ್ತ್ರಕ್ರಿಯೆಗಳು ವ್ಯರ್ಥವಾಗುತ್ತವೆ. ಇದಕ್ಕೆ ವಿರುದ್ಧವಾಗಿ, ಹೆದರಿ ಕೈಯನ್ನು ತಿಂಗಳುಗಟ್ಟಲೆ ಕಟ್ಟಿಯೇ ಇಟ್ಟರೆ ಹೆಗಲು ಹೆಪ್ಪುಗಟ್ಟಿದಂತೆ ಬಿಗಿದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಬೀಡಿ, ಸಿಗರೇಟು ಸೇದುವವರ ಗಾಯ ಕೂಡುವುದು ನಿಧಾನ.

ಈ ಮಾತು ಪಟುಗಳಿಗಷ್ಟೇ ಅಲ್ಲ. ದಿನವೂ ರೊಟ್ಟಿ ತಟ್ಟುವ, ಬಿಂದಿಗೆ ಹೊರುವ, ಕಳೆ ಕೀಳುವ ನಮ್ಮ ತಾಯಂದಿರ ಹೆಗಲುಗಳೂ ಇದೇ ಬಗೆಯಲ್ಲಿ ಸವೆಯುತ್ತವೆ. ಮಗನ ಹೆಗಲಿಗೆ ಆರು ತಿಂಗಳ ವಿಶ್ರಾಂತಿ ಒಪ್ಪುವ ಮನೆ ತಾಯಿಯ ಹೆಗಲಿಗೆ ಆರು ದಿನವನ್ನೂ ಕೊಡದಿರುವುದುಂಟು. ತಲೆ ಬಾಚಿಕೊಳ್ಳಲು ಕೈ ಏಳದೆಂದು ಆಕೆ ಹೇಳಿದರೆ ಅದನ್ನು ವಯಸ್ಸಿನ ದೋಷವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ಪ್ರತಿಯೊಬ್ಬನೂ ಕುಂಬ್ಳೆಯಾಗಲಾರನು, ಶಸ್ತ್ರಕ್ರಿಯೆಯಾದವರೆಲ್ಲ ಮೊದಲಿನಂತೆಯೇ ಆಡುತ್ತಾರೆಂಬ ಭರವಸೆಯನ್ನು ಯಾವ ವೈದ್ಯನೂ ಕೊಡಲಾರನು. ಕೆಲವರು ಮೊದಲಿಗಿಂತ ಕಡಿಮೆ ವೇಗದಿಂದ ಆಡಬೇಕಾದೀತು. ಕೆಲವರು ಕುಸ್ತಿಯಿಂದ ಬೇರೆ ಆಟಕ್ಕೆ ಹೊರಳಬೇಕಾದೀತು. ಆದರೆ ಪ್ರಯತ್ನಿಸುವ ಮೊದಲೇ ಆಟದ ಬಾಗಿಲು ಮುಚ್ಚುವುದು ಅನ್ಯಾಯ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ನಮ್ಮದು. ಹೆಗಲಿನ ವಿಷಯದಲ್ಲಿ ತಾಳುವುದೆಂದರೆ ಸುಮ್ಮನೆ ಕುಳಿತಿರುವುದಲ್ಲ. ದಿನಕ್ಕೆ ಮೂರು ಸಲ ಗೋಡೆಯ ಮುಂದೆ ನಿಂತು ಬೆರಳುಗಳನ್ನು ನಿನ್ನೆಗಿಂತ ಒಂದಂಗುಲ ಮೇಲಕ್ಕೆ ಹತ್ತಿಸುವುದು. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಅಂಗುಲ ಎಣಿಸುವವರು ಮನೆಯಲ್ಲೊಬ್ಬರಿದ್ದರೆ, ಹೆಗಲು ಕೊಡುವುದೆಂಬ ಮಾತಿಗೆ ಅದಕ್ಕಿಂತ ನಿಜವಾದ ಅರ್ಥ ಬೇರೊಂದಿರಲಾರದು.