ಡಾಡ್ಜ್ ಕಾರಿನ ಬುಷ್ ಮತ್ತು ಪೀಣ್ಯದ ಲೇತ್

ನನ್ನ ಸ್ನೇಹಿತರೊಬ್ಬರ ಮನೆಯ ಷೆಡ್ಡಿನಲ್ಲಿ ಅವರ ತಂದೆಯವರ ಕಾಲದ ಡಾಡ್ಜ್ ಕಿಂಗ್ಸ್‌ವೇ ಕಾರೊಂದಿದೆ. 1950ರ ದಶಕದಲ್ಲಿ ಅಮೆರಿಕದ ಬಿಡಿಭಾಗಗಳನ್ನು ತರಿಸಿಕೊಂಡು ಬೊಂಬಾಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ಜೋಡಿಸಿದ ಕಾರು ಅದು. ಅದನ್ನು ಮತ್ತೆ ರಸ್ತೆಗಿಳಿಸಲೇಬೇಕೆಂಬ ಹಟ ಅವರಿಗೆ ಈಚೆಗೆ ಹಿಡಿಯಿತು. ಬಣ್ಣ, ಗಾಜು, ಸೀಟಿನ ಬಟ್ಟೆ ಎಲ್ಲವೂ ಒದಗಿದವು. ಮುಂದಿನ ಚಕ್ರಗಳ ಕಿಂಗ್‌ಪಿನ್‌ಗೆ ಬೇಕಾದ ಬುಷ್‌ಗಳು ಮಾತ್ರ ದೊರೆಯಲಿಲ್ಲ. ಹೆಬ್ಬೆರಳು ಗಾತ್ರದ ನಾಲ್ಕು ಗನ್‌ಮೆಟಲ್ ಕೊಳವೆಗಳು. ಅವಿಲ್ಲದೆ ಕಾರು ತಿರುಗುವುದಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ, ಶಿವಾಜಿನಗರದ ಗುಜರಿಯಲ್ಲಿ ತಡಕಾಡಿ, ಕೊನೆಗೆ ಯಾರೋ ಹೇಳಿದರೆಂದು ಒಂದು ಶನಿವಾರ ನಾವಿಬ್ಬರೂ ರಾಜಗೋಪಾಲನಗರಕ್ಕೆ ಹೋದೆವು.

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ಈ ಬಡಾವಣೆಯನ್ನು ಬಲ್ಲವರಿಗೆ ಅದರ ಅಡ್ಡರಸ್ತೆಗಳ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಬಾಡಿಗೆ ಮನೆಗಳು, ಒಣಗಲು ಹಾಕಿದ ಬಟ್ಟೆ. ಕೆಳಗೆ ಲೇತ್, ಮಿಲ್ಲಿಂಗ್, ಪಾಲಿಷಿಂಗ್ ನಡೆಯುವ ಕೋಣೆಗಳು. ಬಾಗಿಲಲ್ಲಿ ಕಬ್ಬಿಣದ ಸಿಪ್ಪೆ ತುಂಬಿದ ಮೂಟೆಗಳು. ಅಂಥದ್ದೊಂದು ಕೋಣೆಯಲ್ಲಿ ಅರವತ್ತು ದಾಟಿದ ಟರ್ನರ್ ಒಬ್ಬರು ಎಚ್‌ಎಂಟಿ ಲೇತೊಂದರ ಮುಂದೆ ನಿಂತಿದ್ದರು. ಸವೆದ ಬುಷ್ಷನ್ನು ಕೈಗೆ ತೆಗೆದುಕೊಂಡು, ಬೆರಳಿನಿಂದ ಒಳಗೊಮ್ಮೆ ಸವರಿ, ಮೈಕ್ರೋಮೀಟರಿನಲ್ಲಿ ಅಳೆದು, "ಇದರ ಅಳತೆ ಇಟ್ಟುಕೊಂಡರೆ ಆಗಲ್ಲ ಸಾರ್, ಇದು ಸವೆದು ಹೋಗಿದೆ. ಪಿನ್ ಕೊಡಿ, ಪಿನ್ನಿಗೆ ತಕ್ಕ ಹಾಗೆ ಮಾಡಿಕೊಡ್ತೀನಿ" ಎಂದರು. ನಕ್ಷೆ ಕೇಳಲಿಲ್ಲ, ಕಾರು ಯಾವ ಕಂಪನಿಯದೆಂದೂ ಕೇಳಲಿಲ್ಲ.

ಲೇತ್ ತಿರುಗುತ್ತಿದ್ದಷ್ಟು ಹೊತ್ತು ನನ್ನ ಸ್ನೇಹಿತರು ಆ ಕಾಲದ ಗುಣಗಾನ ಮಾಡುತ್ತಿದ್ದರು. ಎಂಥ ಉಕ್ಕು, ಎಂಥ ಗಾಂಭೀರ್ಯ, ಖಾಲಿ ರಸ್ತೆಗಳು, ಆತುರವಿಲ್ಲದ ಬದುಕು! ಹಳೆಯ ಕಾರುಗಳ ಮೆರವಣಿಗೆ ನಡೆದಾಗಲೆಲ್ಲ ಇದೇ ಮಾತು ಕೇಳಿಬರುತ್ತದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲೋ, ಶ್ರೀರಂಗಪಟ್ಟಣದ ಬಳಿ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹವಿರುವ 'ಪಯಣ'ದಲ್ಲೋ ಸಾಲಾಗಿ ನಿಂತ ಕಾರುಗಳ ಎದುರು ನಾನೂ ಮೈಮರೆಯಬಲ್ಲೆ. ಆದರೆ ನಾವು ಹಂಬಲಿಸುತ್ತಿರುವುದು ಯಾರ ಕಾಲಕ್ಕಾಗಿ?

ನನ್ನ ಪೀಳಿಗೆಯ ಕನ್ನಡಿಗರಿಗೆ ಆ ಅಮೆರಿಕ ಎರಡು ದಾರಿಗಳಲ್ಲಿ ಬಂದು ತಲುಪಿತು. ಒಂದು, ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಚಿತ್ರಮಂದಿರದ ತೆರೆಯ ಮೇಲೆ ಮತ್ತು 1960ರಲ್ಲಿ ಆರಂಭವಾದ 'ಸ್ಪ್ಯಾನ್' ಪತ್ರಿಕೆಯ ನುಣುಪಾದ ಪುಟಗಳಲ್ಲಿ. ಅಲ್ಲಿ ಬಾಲದಲ್ಲಿ ರೆಕ್ಕೆ ಹೊತ್ತ ಕ್ಯಾಡಿಲಾಕ್‌ಗಳಿದ್ದವು, ಹುಲ್ಲುಹಾಸಿನ ಮನೆಗಳಿದ್ದವು. ಇನ್ನೊಂದು, ಪ್ರಾಥಮಿಕ ಶಾಲೆಯ ಅಂಗಳದಲ್ಲಿ. 'ಕೇರ್' ಸಂಸ್ಥೆಯ ಹಳದಿ ಉಪ್ಪಿಟ್ಟು ಮತ್ತು ಹಾಲಿನ ಪುಡಿಯ ಹಾಲು. ಮುತ್ತುಗದ ಎಲೆಯ ಮೇಲೆ ಬಿಸಿ ಉಪ್ಪಿಟ್ಟು ಹಾಕಿಸಿಕೊಂಡು ಉಂಡ ನಾವು, ಅದು ಯಾವ ದೇಶದ ಹಿಟ್ಟೆಂದು ಬಹಳ ಕಾಲ ತಿಳಿದಿರಲಿಲ್ಲ. ಅದೇ ದಶಕಗಳಲ್ಲಿ ಪಿಎಲ್ 480 ಯೋಜನೆಯ ಗೋಧಿ ನಮ್ಮ ಪಡಿತರ ಅಂಗಡಿಗಳಿಗೆ ಬರುತ್ತಿತ್ತು. ಕಾರು ಕಣ್ಣಿಗೆ, ಉಪ್ಪಿಟ್ಟು ಹೊಟ್ಟೆಗೆ. ಈಗ ನೆನಪಿನ ಲೆಕ್ಕದಲ್ಲಿ ಮೊದಲನೆಯದಷ್ಟೇ ಉಳಿದುಕೊಂಡಿದೆ.

ಅಂಕಿಗಳನ್ನು ನೋಡಿದರೆ ಅಂತರ ಇನ್ನೂ ಸ್ಪಷ್ಟವಾಗುತ್ತದೆ. 1955ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ 80 ಲಕ್ಷದ ಸಮೀಪ ಕಾರುಗಳು ಮಾರಾಟವಾದವು. ಮರುವರ್ಷವೇ 41,000 ಮೈಲಿ ಉದ್ದದ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆ ಜಾರಿಗೆ ಬಂತು. ಇಪ್ಪತ್ತೈದು ವರ್ಷಗಳ ನಂತರ, 1980ರಲ್ಲಿಯೂ, ಇಡೀ ಭಾರತದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಐವತ್ತು ಸಾವಿರವನ್ನು ಮುಟ್ಟಿರಲಿಲ್ಲ. ನಮ್ಮ ರಸ್ತೆಗಳು ಖಾಲಿಯಿದ್ದದ್ದು ನಾವು ಸಂಯಮಿಗಳಾಗಿದ್ದುದರಿಂದಲ್ಲ. ಲೈಸೆನ್ಸು, ವಿದೇಶಿ ವಿನಿಮಯ, ದರ ನಿಯಂತ್ರಣ ಇವೆಲ್ಲ ಸೇರಿ ಕೊಳ್ಳುವವನನ್ನು ಸರದಿಯಲ್ಲಿ ನಿಲ್ಲಿಸಿದ್ದವು. ಸ್ಕೂಟರಿಗೆ ಹೆಸರು ನೋಂದಾಯಿಸಿ, ವರ್ಷಗಟ್ಟಲೆ ಕಾದು, ಕೊನೆಗೆ ಅಲಾಟ್‌ಮೆಂಟ್ ಪತ್ರವನ್ನೇ ಲಾಭಕ್ಕೆ ಮಾರಿಕೊಂಡ ಗುಮಾಸ್ತರನ್ನು ನಾನು ಬಲ್ಲೆ. ಆತುರವಿಲ್ಲದ ಬದುಕು ಎಂದು ಇಂದು ಕರೆಯುತ್ತಿರುವುದರಲ್ಲಿ ಬಹುಪಾಲು ಆ ಸರದಿಯೇ ಆಗಿತ್ತು.

ಅಮೆರಿಕದಲ್ಲಾದರೂ ಆ ರಸ್ತೆಗಳು ಎಲ್ಲರಿಗೂ ತೆರೆದಿದ್ದವೇ? ಕಾರಿನಲ್ಲಿ ದೂರ ಪ್ರಯಾಣ ಮಾಡುವ ಕಪ್ಪು ಜನರಿಗೆ ಯಾವ ಊರಿನಲ್ಲಿ ಊಟ ಕೊಡುತ್ತಾರೆ, ಎಲ್ಲಿ ತಂಗಲು ಬಿಡುತ್ತಾರೆ ಎಂದು ತಿಳಿಸುವ 'ಗ್ರೀನ್ ಬುಕ್' ಎಂಬ ಕೈಪಿಡಿ 1936ರಿಂದ 1960ರ ದಶಕದ ಮಧ್ಯದವರೆಗೂ ಅಚ್ಚಾಗುತ್ತಿತ್ತು. ಅದಕ್ಕೆ ಕೊಳ್ಳುವವರೂ ಇದ್ದರು. ನಮ್ಮೂರಿಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಪ್ಲಾಂಟರ್ ಒಬ್ಬರ ಕಾರನ್ನು ಕೆಸರಿನಿಂದ ನೂಕಲು ಹುಡುಗರೆಲ್ಲರೂ ಬೇಕಾಗಿತ್ತು. ಒಳಗೆ ಕೂರುವ ಪ್ರಶ್ನೆ ಏಳುತ್ತಿರಲಿಲ್ಲ. ಕೆಲವರಿಗಂತೂ ನೂಕುವುದಕ್ಕೂ ಮುಟ್ಟಗೊಡುತ್ತಿರಲಿಲ್ಲ.

ಇಷ್ಟನ್ನೂ ಹೇಳಿದ ಮೇಲೆ ಇನ್ನೊಂದು ಪಕ್ಕವನ್ನು ಕಾಣದಿದ್ದರೆ ಅನ್ಯಾಯವಾದೀತು. ಬೆಂಗಳೂರು ಕಾರು ತಯಾರಿಸುವ ಊರಾಗುವುದು ಸ್ವಲ್ಪದರಲ್ಲಿ ತಪ್ಪಿತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪ್ ಮತ್ತು ಅಮೆರಿಕಗಳಿಗೆ ಹೋಗಿ ಅಲ್ಲಿನ ಕಾರು ಕಾರ್ಖಾನೆಗಳನ್ನು ಕಂಡುಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನಿಗೆ ನಿಂತರು. ಬೊಂಬಾಯಿಯಲ್ಲಿ ಕೂಡಿಬಾರದಾಗ ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸುವ ಯತ್ನ ನಡೆಯಿತು. ಯುದ್ಧಕಾಲದ ದೆಹಲಿ ಸರ್ಕಾರ ಅದಕ್ಕೆ ಸಮ್ಮತಿಸಲಿಲ್ಲ. ಅದೇ ವಾಲ್‌ಚಂದರು ಅಮೆರಿಕದ ವಿಲಿಯಂ ಪಾಲಿ ಎಂಬವರ ಜೊತೆಗೂಡಿ, ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಇಲ್ಲಿ ಕಟ್ಟಿದ್ದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ. 1943ರಲ್ಲಿ ಅದು ಅಮೆರಿಕನ್ ವಾಯುಸೇನೆಯ ಆಡಳಿತಕ್ಕೆ ಹೋಗಿ, ಯುದ್ಧವಿಮಾನಗಳ ದುರಸ್ತಿಯ ನೆಲೆಯಾಯಿತು. ಹೀಗೆ ಕಾರಿನ ಬದಲು ವಿಮಾನ ಬಂತು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. 1970ರ ದಶಕದ ಉತ್ತರಾರ್ಧದಿಂದ ಪೀಣ್ಯ ಬೆಳೆಯಿತು. ದೊಡ್ಡ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು ಹೊರಬಂದು ಒಂದೊಂದು ಲೇತ್ ಹಾಕಿಕೊಂಡು ಸ್ವಂತ ಕೆಲಸಕ್ಕೆ ನಿಂತವು. ನಾವು ಕಾದು ಕುಳಿತಿದ್ದ ಕೋಣೆ ಆ ವಂಶವೃಕ್ಷದ ಒಂದು ಸಣ್ಣ ಕೊಂಬೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕುತೂಹಲಕರವೆನಿಸುವುದು ಬೇರೊಂದು ಸಂಗತಿ. ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ ಅಮೆರಿಕನ್ನರಿಗೆ ವರ್ಷವರ್ಷವೂ ಹೊಸ ಮಾದರಿಯ ರುಚಿ ಹತ್ತಿಸಿದರು. ಕಳೆದ ವರ್ಷದ ಕಾರು ಕೆಡದೆ ಇದ್ದರೂ ಹಳತಾಗಬೇಕು. ವ್ಯಾಪಾರದ ಗುಟ್ಟು ಅದು. ನಮ್ಮಲ್ಲಿಯಾದರೋ 1957ರ ಸುಮಾರಿಗೆ ಹುಟ್ಟಿದ ಅಂಬಾಸಿಡರ್ ಕಾರು ಮೂತಿಯನ್ನಷ್ಟೇ ಅಷ್ಟಿಷ್ಟು ಬದಲಿಸಿಕೊಂಡು 2014ರವರೆಗೂ ತಯಾರಾಯಿತು. ಪೈಪೋಟಿಯಿಲ್ಲದ ಮಾರುಕಟ್ಟೆಯ ಸೋಮಾರಿತನವಿದು, ಸಂದೇಹವಿಲ್ಲ. ಆದರೆ ಯಂತ್ರ ಬದಲಾಗದಿದ್ದುದರಿಂದ ಅದರ ತಿಳಿವಳಿಕೆ ಅಗ್ಗವಾಯಿತು. ಒಬ್ಬ ಮೆಕ್ಯಾನಿಕ್ ಒಮ್ಮೆ ಕಲಿತದ್ದು ಅವನ ಜೀವಮಾನವಿಡೀ ಬಾಳಿಕೆ ಬಂತು. ಅವನ ಶಿಷ್ಯನಿಗೂ ಬಂತು. ಗಿರಾಕಿಗೆ ಆದ ನಷ್ಟ ಕುಶಲಕರ್ಮಿಯ ಬಂಡವಾಳವಾಯಿತು. ಅಮೆರಿಕದ ನಿರ್ಬಂಧದ ನಂತರ 1950ರ ದಶಕದ ಷೆವರ್ಲೆಗಳನ್ನೇ ಓಡಿಸಿಕೊಂಡು ಬಂದ ಕ್ಯೂಬಾದಲ್ಲಿಯೂ ಆದದ್ದು ಇದೇ.

ನನ್ನ ಸೇವೆಯ ಮೊದಲ ವರ್ಷಗಳಲ್ಲಿ, ಬಯಲುಸೀಮೆಯ ತಾಲ್ಲೂಕೊಂದರ ಪ್ರವಾಸದಲ್ಲಿ, ಕಲ್ಲು ತಗುಲಿ ಜೀಪಿನ ಟ್ಯಾಂಕು ತೂತಾಯಿತು. ಚಾಲಕರು ಹಳ್ಳಿಯ ಅಂಗಡಿಯಿಂದ ಒಂದು ಬಾರ್ ಸೋಪು ತರಿಸಿ, ಒದ್ದೆ ಮಾಡಿ ಮೆತ್ತಿ, ನಲವತ್ತು ಕಿಲೋಮೀಟರ್ ಓಡಿಸಿಕೊಂಡು ಬಂದರು. ಅದನ್ನು ನೆನೆದಾಗ ಜೀಪಿನ ಮೇಲೆ ನನಗೆ ಮೋಹ ಹುಟ್ಟುವುದಿಲ್ಲ. ಹುಟ್ಟುವುದು ಆ ಚಾಲಕರ ಮೇಲೆ. ಇಂದಿನ ಕಾರು ಎಲ್ಲ ರೀತಿಯಲ್ಲೂ ಮೇಲು. ಸೀಟ್ ಬೆಲ್ಟ್, ಏರ್‌ಬ್ಯಾಗ್‌ಗಳಿಲ್ಲದ ಆ ಉಕ್ಕಿನ ಡಬ್ಬಿಯಲ್ಲಿ ಮೊಮ್ಮಕ್ಕಳನ್ನು ಹೆದ್ದಾರಿಗೆ ಕರೆದೊಯ್ಯಲು ನಾನು ಒಪ್ಪಲಾರೆ. ಆದರೆ ಅದು ಕೆಟ್ಟು ನಿಂತರೆ ಬಾನೆಟ್ ಎತ್ತಿ ನೋಡುವುದಕ್ಕೂ ನನಗೆ ಅಧಿಕಾರವಿದ್ದಂತಿಲ್ಲ. ಕಂಪ್ಯೂಟರಿನ ತಂತಿ ಚುಚ್ಚಿ, ಇಡೀ ಜೋಡಣೆಯನ್ನೇ ಬದಲಿಸಿ, ಬಿಲ್ಲು ಕೈಗಿಡುತ್ತಾರೆ. ದುರಸ್ತಿಯ ಹಕ್ಕಿಗೆ ಒಂದು ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷ ಜಾಲತಾಣವನ್ನೂ ತೆರೆಯಿತು. ಹಕ್ಕು ದೊರೆತರೂ ದುರಸ್ತಿ ಮಾಡಬಲ್ಲವರು ಉಳಿದಿರಬೇಕಲ್ಲ!

ಭಾರತದಲ್ಲಿ 1961ರಿಂದ 1963ರವರೆಗೆ ಅಮೆರಿಕದ ರಾಯಭಾರಿಯಾಗಿದ್ದ ಜಾನ್ ಕೆನೆತ್ ಗಾಲ್‌ಬ್ರೆತ್ ತಮ್ಮ 1958ರ 'ದಿ ಅಫ್ಲುಯೆಂಟ್ ಸೊಸೈಟಿ' ಗ್ರಂಥದಲ್ಲಿ, ಅಮೆರಿಕನ್ನರ ಕಾರುಗಳು ಐಷಾರಾಮವಾಗುತ್ತ ಹೋದಂತೆ ಅವರ ಬೀದಿಗಳು ಏಕೆ ಹೊಲಸಾಗುತ್ತಿವೆ ಎಂದು ಕೇಳಿದ್ದರು. ಎಂ.ಎ. ತರಗತಿಯಲ್ಲಿ ಓದುವಾಗ ಅದು ದೂರದ ದೇಶದ ಸಮಸ್ಯೆಯಾಗಿತ್ತು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಈಗ ಒಂದು ಕೋಟಿಯನ್ನು ದಾಟಿದೆ. ಲಕ್ಷಾಂತರ ರೂಪಾಯಿಯ ಕಾರೊಂದು ರಾಜಗೋಪಾಲನಗರದ ಗುಂಡಿಗಳ ನಡುವೆ ತೆವಳುವುದನ್ನು ನೋಡಿದಾಗ, ಆ ಪುಸ್ತಕ ನಮ್ಮ ಬಗ್ಗೆಯೇ ಬರೆದಂತೆ ತೋರುತ್ತದೆ.

ಹಳೆಯ ಕಾರಿಗೆ ಸರ್ಕಾರ ಒಂದು ಗೌರವವನ್ನು ಕಲ್ಪಿಸಿದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದು, ಮೂಲರೂಪ ಕೆಡದೆ ಉಳಿದ ವಾಹನ 'ವಿಂಟೇಜ್' ಎನಿಸಿಕೊಳ್ಳುತ್ತದೆ. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ, 'ವಿಎ' ಅಕ್ಷರಗಳಿರುವ ಫಲಕ. ಹಿಂದೆಯೇ ನೋಂದಣಿಯಾಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿಗಷ್ಟೇ ರಸ್ತೆಗಿಳಿಸಬೇಕು. ಕಡತಗಳ ನಡುವೆ ಬದುಕಿದ ನನಗೆ ಇದು ಒಳ್ಳೆಯ ನಿಯಮವೆಂದೇ ಅನಿಸುತ್ತದೆ. ನನ್ನ ಸ್ನೇಹಿತರು ಮೈಸೂರು ರಾಜ್ಯದ ಕಾಲದ ತಮ್ಮ ನಂಬರಿನ ಬಗ್ಗೆ ಹೇಳುತ್ತ ಈ ನಿಯಮವನ್ನೂ ವಿವರಿಸಿದರು.

ಟರ್ನರ್ ಕೆಲಸ ನಿಲ್ಲಿಸದೆಯೇ ಕೇಳಿಸಿಕೊಂಡರು. ಮೂರನೆಯ ಬುಷ್ಷಿನೊಳಗೆ ರೀಮರ್ ಹಾಯಿಸಿ, ಪಿನ್ನಿಗೆ ಎಣ್ಣೆ ಸವರಿ ತೂರಿಸಿದರು. ಅದು ಸದ್ದಿಲ್ಲದೆ, ಬೆರಳಿನ ಒತ್ತಡಕ್ಕೆ ಇಳಿಯಿತು. ಆಮೇಲೆ ತಮ್ಮ ಲೇತನ್ನು ತೋರಿಸಿ, "ಇದಕ್ಕೂ ನಲವತ್ತೈದು ವರ್ಷ ಆಯ್ತು ಸಾರ್" ಎಂದರು. ಮುಚ್ಚಿಹೋದ ಕಾರ್ಖಾನೆಯೊಂದರ ಹರಾಜಿನಲ್ಲಿ ಸಾಲ ಮಾಡಿ ಕೊಂಡದ್ದಂತೆ. ಅದರ ದುಡಿಮೆಯಿಂದಲೇ ಮಗನನ್ನು ಎಂಜಿನಿಯರಿಂಗ್ ಓದಿಸಿದ್ದಾರೆ. ಅವನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಈ ಕೋಣೆಗೆ ಬರುವವನಲ್ಲ. ಬರಬೇಕೆಂದು ಅವರೂ ಬಯಸುವುದಿಲ್ಲ. ಬಿಡಿ ಕೆಲಸಗಳೆಲ್ಲ ಸಿಎನ್‌ಸಿ ಯಂತ್ರಗಳಿಗೆ ಹೋಗಿವೆ, ಕಲಿಯಲು ಹುಡುಗರು ಬರುವುದಿಲ್ಲ. ಕಟ್ಟಡದ ಮಾಲೀಕರು ಕೋಣೆ ಬಿಡಿಸಿ ಮೇಲಿನವರೆಗೂ ಮನೆಗಳನ್ನೇ ಕಟ್ಟುವವರಿದ್ದಾರೆ. ಲೇತನ್ನು ಗುಜರಿಯವನು ಬಂದು ನೋಡಿ, ಕಿಲೋ ಲೆಕ್ಕದಲ್ಲಿ ದರ ಹೇಳಿ ಹೋಗಿದ್ದಾನೆ.

ನಾಲ್ಕು ಬುಷ್‌ಗೆ ಸಾವಿರದ ಇನ್ನೂರು ರೂಪಾಯಿ ತೆಗೆದುಕೊಂಡರು. ಸ್ನೇಹಿತರು ಹೆಚ್ಚಿಗೆ ಕೊಡಹೋದರೆ ಬೇಡವೆಂದರು. ಹೊರಡುವಾಗ ಒಂದೇ ಮಾತು ಕೇಳಿದರು: "ಗಾಡಿ ರೆಡಿ ಆದಮೇಲೆ ಒಂದ್ಸಲ ಇಲ್ಲಿಗೆ ತನ್ನಿ ಸಾರ್, ಸ್ಟಿಯರಿಂಗ್ ಹೇಗೆ ತಿರುಗುತ್ತೆ ನೋಡ್ಬೇಕು. ಮಾರ್ಚ್ ಒಳಗೇ ತನ್ನಿ."